ಅಗಲ ಕಾಲಿನ ಕಾರಿನ ಕಳಚಿದ ಗಾಲಿ

ಬೈಲಹೊಂಗಲದ ಬಾಯವ್ವನ ರೊಟ್ಟಿ ಅಂಗಡಿಗೆ ಅಲ್ಲಿಯವರೆಗೆ ಯಾರೂ ಅಳುತ್ತಾ ಬಂದಿರಲಿಲ್ಲ. ರೊಟ್ಟಿ ತೀರಿತು ಎಂದಾಗ ಮುಖ ಉಬ್ಬಿಸಿಕೊಂಡು ಹೋದವರಿದ್ದರು, ಪಲ್ಯ ಇನ್ನಷ್ಟು ಹಾಕೆಂದು ಕೇಳಿ ಬೈಸಿಕೊಂಡು ಹೋದವರೂ ಇದ್ದರು. ಆದರೆ ಸಾಲಿ ಟೀಚರ್ ಪ್ರಜ್ಞಾ, ಯಾವತ್ತೂ ಇಸ್ತ್ರಿ ಮುರಿಯದ ಸೀರೆಯುಟ್ಟು ತಲೆ ಎತ್ತಿ ನಡೆಯುವ ಹೆಣ್ಣುಮಗಳು, ದಸರೆಯ ಮರುದಿನ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಬೆಂಚಿನ ಮೇಲೆ ದೊಪ್ಪನೆ ಕುಳಿತುಬಿಟ್ಟಳು. ಅವಳನ್ನೇ ನೋಡುತ್ತಾ ನಿಂತ ಬಾಯವ್ವನ ರೊಟ್ಟಿ ಹಂಚಿನ ಮೇಲೆಯೇ ಸೀದುಹೋಯಿತು.

“ಸಿದ್ದಲಿಂಗವ್ವಕ್ಕಾರು ಅದಾರೇನ್ರಿ?”

ಇದ್ದಳು. ಇರದೆ ಎಲ್ಲಿಗೆ ಹೋಗುತ್ತಾಳೆ? ಮೂಲೆಯಲ್ಲಿ ಚಹಾದ ಕಪ್ಪು ಹಿಡಿದು ಪೇಪರ್ ಓದುತ್ತಾ ಕುಳಿತಿದ್ದ ಸಿದ್ದಲಿಂಗವ್ವ ಬಾಯವ್ವನಿಗೆ ಚಿಕ್ಕವ್ವನ ಮಗಳು, ಊರಿನ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿ ನಿವೃತ್ತಳಾದವಳು. ಸುಳ್ಳು ಸಾಕ್ಷಿ ಕೇಳಿ ಕೇಳಿ ಅವಳ ಕಿವಿ ಹದಗೊಂಡಿತ್ತು. ಊರಲ್ಲಿ ಏನೇ ಕಳೆಯಲಿ, ಯಾರ ಮಾತೇ ತಾಳೆಯಾಗದಿರಲಿ, ಜನ ಪೊಲೀಸ್ ಠಾಣೆಗಿಂತ ಮೊದಲು ಈ ಮೂಲೆಗೆ ಬರುತ್ತಿದ್ದರು. ಅವಳು ಎಲ್ಲಿಗೆ ಹೊರಟರೂ ಬಾಯವ್ವನ ಸ್ಕೂಟಿಯೇ ಬೇಕು. ಹೀಗಾಗಿ ಊರ ಗುಟ್ಟೆಲ್ಲ ಬಾಯವ್ವನಿಗೆ ಗೊತ್ತು. ಅದನ್ನು ಯಾರ ಮುಂದೆಯೂ ಆಡುವಂತಿಲ್ಲ ಎಂಬುದೇ ಪಾಪ, ಅವಳ ಜೀವದ ಸಂಕಟ.

“ಏನಾತವ್ವಾ?” ಸಿದ್ದಲಿಂಗವ್ವ ಪೇಪರ್ ಮಡಚಿದಳು.

“ನಮ್ಮನಿಯವರು ಗಾಡಿ ಗಾಲಿ ಸಡ್ಲ ಮಾಡಿ ಜನರ ಜೀವ ತಗ್ಯಾಕ ನೋಡ್ಯಾರಂತ್ರಿ. ಇವತ್ತ ಸಂಜಿ ಒಳಗ ಗ್ಯಾರೇಜ್ ಖಾಲಿ ಮಾಡಬೇಕಂತ. ಇಲ್ಲಂದ್ರ ಪೊಲೀಸ್ ಕಂಪ್ಲೇಂಟ್ ಕೊಡತೇನಿ ಅಂತ ನಿಜಗುಣಪ್ಪ ಸಾವ್ಕಾರ್ರು ಹೇಳಿ ಕಳಿಸ್ಯಾರ.”

ಪ್ರಜ್ಞಾಳ ಗಂಡ ಸದಾಶಿವ ಊರಿನ ಮೆಕ್ಯಾನಿಕ್. ಬೆಳಗಾವಿ ರಸ್ತೆಯಲ್ಲಿದ್ದ ಅವನ ಗ್ಯಾರೇಜು ಅವನಪ್ಪ ಭರಮಪ್ಪ ಹಾಕಿದ್ದು. ಜಾಗ ಮಾತ್ರ ನಿಜಗುಣಪ್ಪನದು. ನಿಜಗುಣಪ್ಪ ಎಂದರೆ ಮಾರ್ಕೆಟ್ ಯಾರ್ಡಿನ ದೊಡ್ಡ ದಲಾಲಿ ವ್ಯಾಪಾರಿ. ಅವನು ಸೀನಿದರೂ ಯಾರ್ಡಿನ ತುಂಬ ಸುದ್ದಿ.

“ಸುರುವಿನಿಂದ ಹೇಳು,” ಎಂದಳು ಸಿದ್ದಲಿಂಗವ್ವ.

ನಿಜಗುಣಪ್ಪನ ಮಗ ಸಿದ್ಧಾರೂಢ ಹೊಸ ಕಾರು ಕೊಂಡಿದ್ದ. ಅದು ನೆಲಕ್ಕೆ ಅಗಲವಾಗಿ ಊರಿ ನಿಂತಂತೆ ಕಾಣಬೇಕೆಂದು ಸದಾಶಿವನ ಕೈಯಲ್ಲಿ ನಾಲ್ಕೂ ಗಾಲಿಗೆ ಸ್ಪೇಸರ್ ಹಾಕಿಸಿದ್ದ. ಸ್ಪೇಸರ್ ಅಂದರೇನು ಎಂದು ಬಾಯವ್ವ ಬಾಯಿ ತೆರೆಯುವಷ್ಟರಲ್ಲಿ ಪ್ರಜ್ಞಾ ಅಂಗಡಿಯ ಎರಡು ತಾಟು ಎಳೆದುಕೊಂಡು, ನಡುವೆ ಒಂದು ದಪ್ಪ ರೊಟ್ಟಿ ಇಟ್ಟಳು.

“ಒಳಗಿನ ತಾಟು ಗಾಡೀದು, ಹೊರಗಿನ ತಾಟು ಗಾಲಿ. ನಡುವ ಈ ರೊಟ್ಟಿಯಂಥಾ ಲೋಹದ ಬಿಲ್ಲಿ ಕೂಡಸ್ತಾರ. ಗಾಲಿ ಅಷ್ಟು ಹೊರಗ ಬರತೈತಿ. ಬಿಲ್ಲಿಯನ್ನ ಗಾಡಿಗೆ ಹಿಡಿಯೂ ನಟ್ ಬ್ಯಾರೆ, ಗಾಲಿಯನ್ನ ಬಿಲ್ಲಿಗೆ ಹಿಡಿಯೂ ನಟ್ ಬ್ಯಾರೆ. ಒಳಗಿನ ನಟ್ ಹೊರಗಿಂದ ಕಾಣಂಗಿಲ್ಲ, ಗಾಲಿ ಬಿಚ್ಚಿದ್ರನ ಕಾಣೂದು.”

“ಕಾಲ ಅಗಲಿಸಿ ನಿಂತ ಹೋರಿ ಕಂಡಂಗ ಕಾಣಲಿ ಅಂತ ಇಷ್ಟೆಲ್ಲಾ?” ಎಂದಳು ಬಾಯವ್ವ.

“ಬಾಯವ್ವಾ, ಸುಮ್ಕಿರು. ಮುಂದ?”

ಹಾಕಿದ ಮೇಲೆ ಸ್ವಲ್ಪ ಓಡಿಸಿ ಮತ್ತೆ ಬಿಗಿ ಮಾಡಿಸಲೇಬೇಕು ಎಂದು ಸದಾಶಿವ ತಾಕೀತು ಮಾಡಿದ್ದ. ಅಷ್ಟಮಿಯ ದಿನ ಸಿದ್ಧಾರೂಢ ಬಂದು ತನ್ನೆದುರೇ ಒಳಗಿನದು ಹೊರಗಿನದು ಎಲ್ಲ ಬಿಗಿ ಮಾಡಿಸಿಕೊಂಡು ಹೋದ. ಮರುದಿನ ಖಂಡೇನವಮಿ. ಊರಿಗೆ ಊರೇ ಆಯುಧಗಳನ್ನು ಪೂಜೆಗಿಟ್ಟು ಕೈ ಕಟ್ಟಿ ಕುಳಿತ ದಿನ. ದಶಮಿಯ ಬೆಳಿಗ್ಗೆ ಸಿದ್ಧಾರೂಢ ತಾಯಿ ರಾಚವ್ವನನ್ನು ಕೂರಿಸಿಕೊಂಡು ಸವದತ್ತಿಯ ಗುಡ್ಡಕ್ಕೆ ಹೊರಟ. ಅರ್ಧ ದಾರಿಯಲ್ಲಿ ಹಿಂದಿನಿಂದ ಟಕಟಕ ಸದ್ದು.

“ನಾವು ಆಗ ಬುದ್ಧ ವಿಹಾರದಾಗ ಇದ್ವಿರಿ, ವಿಜಯದಶಮಿ ನಮಗ ಧಮ್ಮ ದೀಕ್ಷಾ ದಿನ ಅಲ್ರಿ. ಸಿದ್ಧಾರೂಢನ ಫೋನ್ ಬಂತು. ಇವರು, ಫೋನ್ ಕಿಡಕಿ ಹೊರಗ ಹಿಡಿ ಅಂದ್ರು. ಸದ್ದು ಕೇಳಿದ್ದ ತಡ, ‘ತಮ್ಮಾ, ಗಾಲಿ ಕಳಚತೈತಿ, ಮುಂದಿನ ಸೇತುವಿ ಮ್ಯಾಲ ಹೋಗಬ್ಯಾಡ, ಎಕ್ಸಲೇಟರ್ ಮ್ಯಾಲಿನ ಕಾಲ ತಗದು ಹಗೂರಕ ಎಡಕ್ಕ ಹೊಲದ ಕಡಿ ತಗೋ’ ಅಂತ ಒದರಿದ್ರು. ಗಾಡಿ ಇನ್ನೇನ್ ನಿಲ್ಲಬೇಕು, ಗಾಲಿ ಕಳಚಿ ಗೋವಿನಜೋಳದಾಗ ಹೊಕ್ಕೊಂಡು ಹೋತು. ಒಬ್ಬರಿಗೂ ಒಂದು ತರಚುಗಾಯಿಲ್ಲ.”

“ಹಂಗಿದ್ರ ನಿನ್ನ ಗಂಡನ ಕಾಲ ಬೀಳಬೇಕಲ್ಲ ಅವರು!” ಬಾಯವ್ವ ಲಟ್ಟಣಿಗೆ ಕುಕ್ಕಿದಳು.

ಪ್ರಜ್ಞಾಳ ಕಣ್ಣು ಮತ್ತೆ ತುಂಬಿತು. “ಸಾವ್ಕಾರ್ರು ಯಾರ್ಡಿನ್ಯಾಗ ಎಲ್ಲಾರ ಮುಂದ ಏನಂದ್ರು ಗೊತ್ತೇನ್ರಿ? ‘ಗಾಲಿ ಕಳಚತೈತಿ ಅಂತ ವಿಹಾರದಾಗ ಕುಂತವಗ ಹೆಂಗ ಗೊತ್ತಾತು? ತಾನ ಸಡ್ಲ ಮಾಡಿದ್ದಕ್ಕ! ಸ್ಪೇಸರ್ ಯಾಕ ಹಾಕಿದಿ ಅಂತ ನಾ ಬೈದಿದ್ನಲ್ಲ, ಆ ಸಿಟ್ಟು.’ ಇವತ್ತ ಮುಂಜಾನಿ ಗ್ಯಾರೇಜಿನ್ಯಾಗ ನಿಂತಿದ್ದ ಗಾಡಿಗೋಳನ್ನೂ ಜನ ಬಂದು ಒಯ್ದಬಿಟ್ರು.”

ಜೀವ ಉಳಿಸಿದ ಮಾತೇ ಜೀವಕ್ಕೆ ಮುಳುವಾಗಿ ಕುಳಿತಿತ್ತು. ಬಾಯವ್ವ ಒಲೆ ಆರಿಸಿ, ಸ್ಕೂಟಿಯ ಕೀಲಿ ತೆಗೆದುಕೊಂಡಳು. ಅಂದಿನ ರೊಟ್ಟಿ ಗಿರಾಕಿಗಳು ಏನಾದರೂ ಮಾಡಿಕೊಳ್ಳಲಿ.

ಗ್ಯಾರೇಜಿನಲ್ಲಿ ಸದಾಶಿವ ಬುದ್ಧನ ಫೋಟೋದ ಕೆಳಗೆ ಸುಮ್ಮನೆ ಕುಳಿತಿದ್ದ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಒರೆಸಿ ಎಣ್ಣೆ ಹಚ್ಚಿದ, ನಟ್ ತಿರುವುವ ಪಾನಾಗಳನ್ನೆಲ್ಲ ಸಾಲಾಗಿ ಮಲಗಿಸಿ, ಬಿಳಿ ದಾರ ಸುತ್ತಿ, ಮೇಲೊಂದು ಚೆಂಡುಹೂವು ಇಟ್ಟಿದ್ದ. ಹೂವು ಬಾಡಿತ್ತು.

“ನವಮಿ ದಿನ ಕಟ್ಟಿದ್ದನ್ನ ಇನ್ನೂ ಬಿಚ್ಚಿಲ್ಲೇನಪಾ?” ಎಂದು ಕೇಳಿದಳು ಸಿದ್ದಲಿಂಗವ್ವ.

“ನಮ್ಮಪ್ಪ ಮಾಡ್ತಿದ್ರು ಅಕ್ಕಾರ. ಕೈಗೆ ಅನ್ನ ಕೊಟ್ಟ ಸಾಮಾನಿಗೆ ವರ್ಷಕ್ಕೊಂದಿನ ಸೂಟಿ ಕೊಡಬೇಕಂತಿದ್ರು. ಬಿಚ್ಚಬೇಕಂದ್ರ... ಬಿಚ್ಚಿ ಏನ್ ಮಾಡ್ಲಿ, ಚೀಲಕ್ಕ ತುಂಬ್ಲೇನು?”

“ಒಳಗಿನ ನಟ್ ಬಿಗಿ ಮಾಡಿದ ಪಾನಾ ಯಾವ್ದು?”

ಅವನು ದಾರ ಬಿಚ್ಚದೆಯೇ ಬೆರಳು ತೋರಿಸಿದ. ತೆಳು ಗೋಡೆಯ ಉದ್ದನೆಯ ಕೊಳವೆಯಂಥದು. “ಬಿಲ್ಲಿಯೊಳಗ ಆ ನಟ್ ತೂತಿನ್ಯಾಗ ಮುಳುಗಿ ಕುಂತಿರ್ತಾವ್ರಿ. ದಪ್ಪ ಬಾಯಿ ಪಾನಾ ಒಳಗ ಹೋಗಂಗಿಲ್ಲ. ಇದ ಬೇಕು.”

“ಇಂಥಾದ್ದು ಇನ್ನೊಂದು ಎಲ್ಲರೆ ಸಿಗತೈತೇನು?”

“ನನ್ನ ಕಡೆನ ಹಳೇದೊಂದು ಐತ್ರಿ, ಕಪಾಟಿನ್ಯಾಗ.” ಅದನ್ನು ಕೊಟ್ಟ. ಸಿದ್ದಲಿಂಗವ್ವ ಅದನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಸ್ಕೂಟಿ ಹತ್ತಿದಳು.

ನಿಜಗುಣಪ್ಪನ ಮನೆಯ ಅಂಗಳದಲ್ಲಿ ಕಾರು ಮೂರು ಗಾಲಿ ಮತ್ತು ಒಂದು ಜಾಕಿನ ಮೇಲೆ ಕುಂಟುತ್ತಾ ನಿಂತಿತ್ತು. ಗೋಡೆಗೆ ಒರಗಿಸಿಟ್ಟ ಗಾಲಿಯ ಬೆನ್ನಿಗೆ ಸ್ಪೇಸರ್ ಬಿಲ್ಲೆ ಅಂಟಿಕೊಂಡೇ ಇತ್ತು. ಹೊರಗಿನ ನಟ್‌ಗಳು ಗಟ್ಟಿಯಾಗಿದ್ದವು. ಸಿದ್ಧಾರೂಢ ಗಾಲಿ ಅಲುಗಿಸಿದಾಗ ಒಳಗೆ ಏನೋ ಗಲಗಲ ಎಂದಿತು. ಸಿದ್ದಲಿಂಗವ್ವ ಅದನ್ನು ಮುಟ್ಟದೆ ಬಗ್ಗಿ ನೋಡುತ್ತಾ ನಿಂತಳು. ಬಾಯವ್ವನಿಗೆ ಸುಮ್ಮನೆ ನಿಲ್ಲುವುದು ಎಲ್ಲಿ ಬರಬೇಕು?

“ರಾಚವ್ವಕ್ಕಾ, ಪೂಜಾ ಯಾರ್ ಮಾಡಿದ್ರು ಈ ಗಾಡಿಗೆ? ಈ ಗಾಲಿ ಮ್ಯಾಲಿನ ವಿಭೂತಿ ಪಟ್ಟಿ ನೋಡು, ನಟ್ ಒಂದ್ ಕಡಿ, ಪಟ್ಟಿ ಒಂದ್ ಕಡಿ. ಕಣ್ಣ ಕಟ್ಟಿ ಬಳದಂಗ ಆಗೇತಿ.”

ರಾಚವ್ವನಿಗೆ ಚುರ್ರೆಂದಿತು. “ಯಾಕ, ನಾನ ಹಚ್ಚೇನಿ, ನವಮಿ ಮುಂಜಾನಿ. ನಾಕೂ ಗಾಲಿಗೆ ಮೂರು ಬೆರಳಲೆ, ಗೆರಿ ಹೊಡದಂಗ ಹಚ್ಚೇನಿ. ಉಳದ ಮೂರು ನೋಡ್ ಬೇಕಾದ್ರ.”

ಉಳಿದ ಮೂರು ಗಾಲಿಗಳ ಮೇಲೆ ಒಣಗಿದ ವಿಭೂತಿ ಈ ತುದಿಯಿಂದ ಆ ತುದಿಗೆ ನಟ್‌ಗಳ ತಲೆಯ ಮೇಲೆ ಹಾದು ನೆಟ್ಟಗೆ ಹೋಗಿತ್ತು. ಬಾಯವ್ವ ಸೋತು ಮೂಗು ಮುರಿದಳು. ಅಷ್ಟರಲ್ಲಿ ಬಿದ್ದ ಗಾಲಿಯ ಟೈರಿನಲ್ಲಿ ಅವಳಿಗೆ ಇನ್ನೇನೋ ಕಂಡಿತು. “ಇದೇನಿದು, ಕರೀ ಶ್ಯಾವಿಗಿ ಎಳಿ ಹೊರಗ ಇಣುಕೇತಿ?”

“ಪಂಕ್ಚರ್ ಬತ್ತಿ,” ಎಂದ ಸಿದ್ಧಾರೂಢ ಹುಬ್ಬು ಗಂಟಿಕ್ಕಿ. “ಆದ್ರ ಈ ಗಾಡಿ ಒಮ್ಮೆನೂ ಪಂಕ್ಚರ್ ಆಗಿಲ್ರಿ!”

ಸಿದ್ದಲಿಂಗವ್ವ ಡಿಕ್ಕಿ ತೆಗೆಸಿದಳು. ಒಮ್ಮೆಯೂ ಬಳಸಿಲ್ಲ ಎಂದ ಸ್ಟೆಪ್ನಿಯ ಗೆರೆಗಳಲ್ಲಿ ಎರೆಮಣ್ಣು ಒಣಗಿತ್ತು. ಗಾಡಿಯ ಜೊತೆ ಬಂದ ದಪ್ಪ ಬಾಯಿಯ ಪಾನಾ ಪಕ್ಕದಲ್ಲಿತ್ತು. ಅವಳು ಎಲ್ಲವನ್ನೂ ನೋಡಿ, ನವಮಿಯ ದಿನ ಯಾರ‍್ಯಾರು ಎಲ್ಲಿದ್ದರು ಎಂದು ಕೇಳಿದಳು.

ರಾಚವ್ವನ ಮನೆಯ ಕಟ್ಟುನಿಟ್ಟು ಊರಿಗೆಲ್ಲ ಗೊತ್ತು. ಪೂಜೆಗಿಟ್ಟ ಸಾಮಾನು ದಶಮಿಯ ಬೆಳಿಗ್ಗೆ ಪೂಜೆ ಎತ್ತುವ ತನಕ ಮುಟ್ಟುವಂತಿಲ್ಲ. ತಕ್ಕಡಿ, ಈಳಿಗೆ, ಕುಡಗೋಲು, ಜೊತೆಗೆ ಕಾರಿನ ಕೀಲಿ, ಎಲ್ಲ ಜಗಲಿಯ ಮೇಲೆ. ಅದನ್ನೆಲ್ಲ ಇಟ್ಟು ಅವಳು ಕಿತ್ತೂರಿನ ತವರಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳಿದ್ದಳು. ಸಿದ್ಧಾರೂಢ ಗೆಳೆಯನ ಬೈಕಿನಲ್ಲಿ ರಾಮದುರ್ಗಕ್ಕೆ ಹೋಗಿದ್ದ. ಮನೆಯಲ್ಲೇ ಇದ್ದು ಓದುವ, ನಿಜಗುಣಪ್ಪನ ಅಣ್ಣನ ಮಗ ಗೌರೀಶ ದೇಗಾಂವದ ಗುಡಿ ನೋಡಲು ಗೆಳೆಯರೊಡನೆ ಹೋಗಿ, ಬರುವಾಗ ಬನ್ನಿ ಕಡಿದು ತಂದಿದ್ದ.

“ಇವ್ನ ಮ್ಯಾಲನ ನನಗ ಅನುಮಾನ್ರಿ,” ಎಂದ ಸಿದ್ಧಾರೂಢ. “ನನಗ ಒಮ್ಮಿ ಗಾಡಿ ಕೊಡು ಅಂತ ಜಗಳ ತಗದಿದ್ದ. ದಶಮಿ ಮುಂಜಾನಿ ನಾ ಹತ್ತಿದ್ರ ಸೀಟು ಪೂರ್ತಿ ಮುಂದ ಬಂದಿತ್ತು. ಮೊಣಕಾಲು ಸ್ಟೇರಿಂಗ್‌ಗೆ ಬಡೀತು.”

“ಅಣ್ಣಾ, ದೇವ್ರಾಣಿ ಇಲ್ಲ!” ಎಂದು ಗೌರೀಶ ಒಳಗಿನಿಂದ ಬಂದ. ಬರುವಾಗ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಬಂದ, ಅಷ್ಟು ಎತ್ತರದ ಹುಡುಗ.

ಆಗ ಯಾರ್ಡಿನಿಂದ ನಿಜಗುಣಪ್ಪ ಬಂದ. ಗಿಡ್ಡಗೆ ಗಟ್ಟಿಯಾದ ಆಳು, ಬಲಗೈಗೆ ಹಳೆಯ ಧೋತರದ ಚಿಂದಿ ಸುತ್ತಿದ್ದ.

“ಕೈಗೇನಾತ್ರಿ ಸಾವ್ಕಾರ್ರ?”

“ಬನ್ನಿ ಮುಳ್ಳು. ಅದಿರ್ಲಿ, ನೀವ್ಯಾಕ ಬಂದ್ರಿ? ಆ ಹುಡುಗನ ಪರ ವಕಾಲತ್ತ ಮಾಡಾಕ?”

“ನವಮಿ ದಿನ ನೀವೆಲ್ಲಿದ್ರಿ ಅಂತ ಕೇಳಾಕ.”

“ಬಸ್ಸಿನ್ಯಾಗ ಸಂಪಗಾಂವಕ್ಕ ಹೋಗಿದ್ದೆ, ಗೆಳೆಯ ಶಟ್ಟೆಪ್ಪನ ಮನಿಗೆ. ಈ ಗಾಡಿ ವಿಷಯ ನನ್ನ ಕೇಳಬ್ಯಾಡ್ರಿ. ಅದರ ಬಾಗಲಾನೂ ನಾ ತಗದಾವಲ್ಲ. ಎಮ್ಮಿ ಕಾಲ ಅಗಲಿಸಿ ನಿಂತಂಗ ಕಾಣತೈತಿ ಅಂತ ಯಾರ್ಡ್ ತುಂಬ ಹೇಳೇನಿ.”

“ಹೊರಗಿನ ನಟ್ ಎಲ್ಲಾ ಬಿಗಿ ಅದಾವಲ್ರಿ?”

“ಹೊರಗಿನವು ಬಿಗಿ ಇದ್ರ ಏನ್ ಬಂತು?” ನಿಜಗುಣಪ್ಪ ಗುಡುಗಿದ. “ಒಳಗ ತೂತಿನ್ಯಾಗ ಮುಳುಗಿ ಕುಂತಾವಲ್ಲ ನಾಕು ನಟ್, ಅವನ್ನ ಸಡ್ಲ ಬಿಟ್ಟಾನ ಅವಾ!”

ರಾಚವ್ವ ನಡುವೆ ಬಂದಳು. “ಅವರಿಗೆ ಸಿಟ್ಟು ಬಂದೈತಿ ಬಿಡ ಸಿದ್ದಲಿಂಗಿ. ಹರೇದಾಗ ಬೆಲ್ಲ ತುಂಬಿ ಲಾರಿ ಸ್ವಂತ ಹೊಡದಾವ್ರು, ಗಾಡಿ ಸುದ್ದಿ ಬಂದ್ರ ಹಿಂಗ ಹಾರ್ತಾರ. ನಿನ್ನಿಯಿಂದ ಮನ್ಯಾಗ ಯಾರೂ ಸರಿಯಾಗಿ ಉಂಡಿಲ್ಲ. ತಂದ ಬನ್ನಿನೂ ಯಾರೂ ಯಾರಿಗೂ ಕೊಟ್ಟಿಲ್ಲ. ಅಲ್ಲೆ ಮೊರದಾಗ ಒಣಗಾಕ ಹತ್ತೇತಿ.”

ಸಿದ್ದಲಿಂಗವ್ವ ಪಡಸಾಲೆಯ ಮೂಲೆಯಲ್ಲಿದ್ದ ಮೊರದ ಕಡೆ ನೋಡಿದಳು. ಅದರಲ್ಲಿ ಬನ್ನಿಯ ಎಲೆಗಳು ಸುರುಟಿ ಬಿದ್ದಿದ್ದವು. “ಸಂಜಿಗೆ ನಾವು ಬರತೇವಿ,” ಎಂದಳು. “ಸದಾಶಿವನ್ನೂ ಅವನ ಹೇಣ್ತಿನ್ನೂ ಕರ್ಕೊಂಡು. ಅಲ್ಲಿತನಕ ಈ ಗಾಲಿ ಯಾರೂ ಮುಟ್ಟಬ್ಯಾಡ್ರಿ.”

ದಾರಿಯುದ್ದಕ್ಕೂ ಬಾಯವ್ವ ಕೇಳಿದ್ದೇ ಕೇಳಿದ್ದು. “ಯಾರ ಅಕ್ಕಾ? ಗೌರೀಶೇನು? ಅಲ್ಲಾ, ಸಿದ್ಧಾರೂಢನ ಸುಳ್ಳ ಹೇಳಾಕತ್ತಾನೇನು?” ಹಿಂದಿನ ಸೀಟಿನಿಂದ ಬಂದ ಉತ್ತರ ಒಂದೇ: “ಮುಂದ ಎಮ್ಮಿ ಐತಿ, ನೋಡಿ ಹೊಡಿ.” ಬಾಯವ್ವನಿಗೆ ಸ್ಕೂಟಿ ಅಲ್ಲೇ ನಿಲ್ಲಿಸಿ ಇಳಿಸಿಬಿಡಬೇಕು ಅನ್ನಿಸಿತು.

ಸಂಜೆಯ ಬಿಸಿಲು ಅಂಗಳದಲ್ಲಿರುವಾಗಲೇ ಎಲ್ಲರೂ ಸೇರಿದರು. ನಿಜಗುಣಪ್ಪ ಕಟ್ಟೆಯ ಮೇಲೆ, ರಾಚವ್ವ ಬಾಗಿಲಲ್ಲಿ, ಅಣ್ಣತಮ್ಮಂದಿರು ಕಾರಿನ ಬಳಿ. ಸದಾಶಿವ, ಪ್ರಜ್ಞಾ ಗೇಟಿನ ಹತ್ತಿರವೇ ನಿಂತರು. ರಾಚವ್ವ ಬರ್ರಿ, ಕುಂದರ್ರಿ ಎಂದರೂ ಒಳಗೆ ಬರಲಿಲ್ಲ.

“ಮೊದಲನೇದು,” ಸಿದ್ದಲಿಂಗವ್ವ ಕೋರ್ಟಿನ ದನಿಯಲ್ಲಿ ಶುರು ಮಾಡಿದಳು. “ಗಾಲಿ ಬಿಲ್ಲಿ ಸಮೇತ ಬಿದ್ದೈತಿ. ಅಂದ್ರ ಹೊರಗಿನ ನಟ್ ಸರಿ ಇದ್ವು, ಕೈ ಕೊಟ್ಟಿದ್ದು ಒಳಗಿನವು. ಗಾಲಿ ಪೂರ್ತಿ ಬಿಚ್ಚದ ಅವನ್ನ ಮುಟ್ಟಾಕ ಆಗಂಗಿಲ್ಲ. ಸದಾಶಿವ ಅವನ್ನ ಅಷ್ಟಮಿ ದಿನ ಬಿಗಿ ಮಾಡ್ಯಾನ, ಸಿದ್ಧಾರೂಢ ಎದುರಿಗಿದ್ದ. ಅಲ್ಲೇನಪಾ?”

“ಹೌದ್ರಿ.”

“ಎರಡನೇದು, ಅದರ ಮರುದಿನ ರಾಚವ್ವ ವಿಭೂತಿ ಹಚ್ಚಿದ್ದು. ಮೂರು ಗಾಲಿ ಮ್ಯಾಲ ಪಟ್ಟಿ ನೆಟ್ಟಗದಾವ. ಈ ಗಾಲಿ ಮ್ಯಾಲ ನಟ್ಟಿನ ಪಟ್ಟಿ ಒಂದ್ ದಿಕ್ಕು, ಗಾಲಿ ಪಟ್ಟಿ ಇನ್ನೊಂದ್ ದಿಕ್ಕು. ನಮ್ಮ ಬಾಯವ್ವ ಮುಂಜಾನೇನ ಹೇಳಿದ್ಲು, ತನಗ ಗೊತ್ತಿಲ್ಲದನ.”

ಬಾಯವ್ವನಿಗೆ ಹೊಳೆಯಿತು. “ಅಯ್ಯ ಶಿವನ! ಪೂಜಾ ಆದಮ್ಯಾಲ ಯಾರೋ ನಟ್ ಬಿಚ್ಚಿ ತಿರುಗಿ ಹಾಕ್ಯಾರ!”

“ಹಾಕ್ಯಾರ. ಅಂದ್ರ ನವಮಿ ಪೂಜಿಯಿಂದ ದಶಮಿ ಮುಂಜಾನಿ ನಡುವ. ಆಗ ಗಾಡಿ ಈ ಅಂಗಳದಾಗಿತ್ತು, ಕೀಲಿ ಈ ಮನಿ ಜಗಲಿ ಮ್ಯಾಲಿತ್ತು. ಬಿಚ್ಚಿದ್ದು ಯಾಕ? ಟೈರಿನ್ಯಾಗ ಪಂಕ್ಚರ್ ಬತ್ತಿ ಐತಿ, ಬಳಸದ ಸ್ಟೆಪ್ನಿಗೆ ಮಣ್ಣು ಮೆತ್ತೇತಿ. ಯಾರೋ ಗಾಡಿ ಹೊರಗ ಒಯ್ದಾರ, ಪಂಕ್ಚರ್ ಆಗೇತಿ. ಸದಾಶಿವಾ, ಸ್ಟೆಪ್ನಿ ಈ ಬಿಲ್ಲಿ ಮ್ಯಾಲ ಕೂಡತೈತೇನು?”

“ಇಲ್ರಿ. ಅದರ ಬೆನ್ನು ಬ್ಯಾರೆ ನಮೂನಿ ಐತಿ. ಬಿಲ್ಲಿ ಬಿಚ್ಚಿದ್ರನ ಕೂಡತೈತಿ.”

“ಹಂಗಾಗಿ ಬಿಲ್ಲಿನೂ ಬಿಚ್ಚಿದ್ರು. ಬ್ಯಾರೆ ದಿನ ಆಗಿದ್ರ ದಾರಿಗೊಬ್ಬ ಪಂಕ್ಚರ್ ಹುಡುಗ ಸಿಗತಿದ್ದ. ಖಂಡೇನವಮಿ ದಿನ ಈ ಸೀಮ್ಯಾಗ ಕೂಲಿಗೆ ಪಾನಾ ಹಿಡಿಯೂ ಕೈ ಸಿಗಂಗಿಲ್ಲ. ಎಲ್ಲಾರ ಸಾಮಾನು ಪೂಜಾದಾಗ. ಆ ದಿನ ನಟ್ ತಿರುವಿದ ಕೈ ಮೆಕ್ಯಾನಿಕ್ಕಿಂದಲ್ಲ. ಗೌರೀಶ, ಆ ಗಾಲಿ ಬಿಚ್ಚಪಾ.”

ಗೌರೀಶ ಗಾಡಿಯ ಪಾನಾದಿಂದ ಹೊರಗಿನ ನಟ್ ಬಿಚ್ಚಿ ಗಾಲಿ ಎತ್ತಿದ. ಬಿಲ್ಲೆಯ ಆಳವಾದ ತೂತುಗಳಲ್ಲಿ ಒಳಗಿನ ನಾಲ್ಕು ನಟ್‌ಗಳು ಮುರಿದ ಬೋಲ್ಟಿನ ತುಂಡುಗಳೊಂದಿಗೆ ಅಲುಗುತ್ತಿದ್ದವು. ಅವುಗಳ ಮೇಲಂಚಿನಲ್ಲಷ್ಟೇ ಹೊಳೆಯುವ ಹೊಸ ತರಚು. ಸಿದ್ದಲಿಂಗವ್ವ ಇನ್ನೊಂದು ಗಾಲಿಯನ್ನೂ ಬಿಚ್ಚಿಸಿದಳು. ಅಲ್ಲಿನ ನಟ್‌ಗಳು ಬಂಡೆಯಂತೆ ಬಿಗಿಯಾಗಿದ್ದವು, ಒಂದು ಗೀರೂ ಇರಲಿಲ್ಲ.

“ಈಗ ಗಾಡಿ ಪಾನಾ ಆ ತೂತಿನ್ಯಾಗ ಹಾಕು.”

ದಪ್ಪ ಬಾಯಿ ಅರ್ಧಕ್ಕೇ ನಿಂತಿತು. ನಟ್ಟಿನ ಅಂಚು ಮಾತ್ರ ಕಚ್ಚಿತು. ಸಿದ್ದಲಿಂಗವ್ವ ಸೆರಗಿನಿಂದ ಸದಾಶಿವನ ತೆಳು ಪಾನಾ ತೆಗೆದು ಕೊಟ್ಟಳು. ಅದು ಸಲೀಸಾಗಿ ತಳ ಮುಟ್ಟಿತು.

“ಬಿಗಿ ಇದ್ದದ್ದನ್ನ ಬಿಚ್ಚುವಾಗ ಅಂಚು ಕಚ್ಚಿ, ಜೀವ ಹಾಕಿ ಎಳದು ಹೆಂಗೋ ಬಿಚ್ಯಾರ. ತಿರುಗಿ ಹಾಕುವಾಗ ಅದು ಅಂಚಿನ ಮ್ಯಾಲ ಜಾರೇತಿ, ಬಿಗಿ ಆತು ಅಂತ ತಿಳಕೊಂಡಾರ. ಸಡ್ಲ ನಟ್ಟಿನ್ಯಾಗ ಬಿಲ್ಲಿ ಅಲಗ್ಯಾಡಿ ಅಲಗ್ಯಾಡಿ ಬೋಲ್ಟ್ ಮುರದಾವ. ಆ ಸದ್ದ ಸದಾಶಿವ ಫೋನಿನ್ಯಾಗ ಕೇಳಿದ್ದು. ಮಗನ ಕೆಮ್ಮು ಕೇಳಿ ತಾಯಿ ಜ್ವರ ಹೇಳಿದಂಗ, ಅವ ಗಾಲಿ ಕಳಚತೈತಿ ಅಂದ.”

ಸಿದ್ದಲಿಂಗವ್ವ ದನಿ ತಗ್ಗಿಸಿದಳು.

“ಇನ್ನ, ಯಾರು? ಸೀಟು ಮುಂದ ಬಂದಿತ್ತು. ಗೌರೀಶ ಕುಂತಿದ್ರ ಅದು ಹಿಂದ ಹೋಗತಿತ್ತು. ರಾಚವ್ವಗ ಗಾಡಿ ಹೊಡ್ಯಾಕ ಬರಂಗಿಲ್ಲ. ಸಿದ್ಧಾರೂಢನ ಆಗಿದ್ರ ಗೊತ್ತಿದ್ದೂ ಅದ ಗಾಡ್ಯಾಗ ತಾಯಿನ್ನ ಕೂಡಿಸ್ಕೊಂಡು ಹೋಗ್ತಿರ್ಲಿಲ್ಲ. ಉಳದವ್ರು ಗಿಡ್ಡ ಆಳು, ಹರೇದಾಗ ಲಾರಿ ಹೊಡದಾವ್ರು, ಜಾಕ್ ಹಚ್ಚಾಕ ಬರೂವ್ರು. ಅವ್ರ ಕೈಗೆ ಬನ್ನಿ ಮುಳ್ಳು ಚುಚ್ಚೇತಂತ, ಆದ್ರ ಬನ್ನಿ ತಂದಾವ ಗೌರೀಶ. ಗಾಡಿ ಬಾಗಲಾನೂ ತಗದಿಲ್ಲಂತ, ಆದ್ರ ಒಳಗಿನ ನಟ್ ತೂತಿನ್ಯಾಗ ಮುಳುಗ್ಯಾವ ಅನ್ನೂದು ಗೊತ್ತೈತಿ. ಸಿದ್ಧಾರೂಢ, ನೀ ಹೇಳಿದ್ದೇನು ಅವರಿಗೆ?”

“ಅಪ್ಪಾ ಸ್ಪೇಸರ್ ಅನ್ನೂ ಹೆಸರ ಕೇಳಿದ್ರನ ಎದ್ದು ಹೋಗ್ತಿದ್ರ್ರಿ...” ಸಿದ್ಧಾರೂಢ ಹೇಳುತ್ತಲೇ ಅಪ್ಪನನ್ನು ನೋಡಿದ. ಎಲ್ಲರ ಕಣ್ಣೂ ಕಟ್ಟೆಯ ಕಡೆ ತಿರುಗಿದವು.

ನಿಜಗುಣಪ್ಪ ತನ್ನ ಕೈಯ ಚಿಂದಿ ಬಿಚ್ಚಿದ. ಅಂಗೈಯ ಗುಳ್ಳೆಗಳು ಒಡೆದು ಕೆಂಪಗಾಗಿದ್ದವು.

“ಎಷ್ಟ ಚಂದ ನಿಂತಿತ್ತವ್ವಾ ಅದು,” ಎಂದ. ಅವನ ದನಿ ಬಾಯವ್ವನಿಗೆ ಗುರುತೇ ಸಿಗಲಿಲ್ಲ. “ವಿಭೂತಿ ಹಚ್ಗೊಂಡು, ಹೂವಿನ ಮಾಲಿ ಹಾಕ್ಕೊಂಡು, ಎದಿ ಉಬ್ಬಿಸಿ ನಿಂತಿತ್ತು. ಊರ ತುಂಬ ಎಮ್ಮಿ ಅಂತ ಹೇಳಿ ಮಗನ್ನ ಒಮ್ಮೆ ಕೊಡು ಅಂತ ಹೆಂಗ ಕೇಳ್ಲಿ? ಇವಳ ಪೂಜಾ ಮುರದು ಒಯ್ದೆ ಅಂತ ಹೆಂಗ ಹೇಳ್ಲಿ? ಶಟ್ಟೆಪ್ಪಗ ತೋರಿಸಿ ಬರೂಣು ಅಂತ ಒಯ್ದೆ. ದಾರ್ಯಾಗ ಪಂಕ್ಚರ್ ಆತು, ಸ್ಟೆಪ್ನಿ ಹಾಕ್ಕೊಂಡು ಹೋಗಿ, ಅವನ ಮನ್ಯಾಗನ ಬತ್ತಿ ಹಾಕಿ ಪಂಕ್ಚರ್ ತಗದು, ಬಿಲ್ಲಿ ಮೊದಲಿನಂಗ ಕೂಡಿಸಿದೆ. ಕೈ ಒಡ್ಯೂತನಕ ಬಿಗಿ ಮಾಡೇನಿ. ನನ್ನ ಕೈ ತಪ್ಪಿರಂಗಿಲ್ಲ, ಇವನ ಬಿಲ್ಲಿನ ಖೊಟ್ಟಿ ಅಂತ ನನಗ ನಾನ ಹೇಳ್ಕೊಂಡೆ. ಹಂಗ ಅನ್ನದಿದ್ರ... ನನ್ನ ಹೇಣ್ತಿ ಮಗನ್ನ ನಾನ ಸೇತುವಿ ಮ್ಯಾಲ ಕಳಿಸಿದ್ನಿ ಅಂತ ಆಗ್ತಿತ್ತಲ್ಲ.”

ರಾಚವ್ವ ಅವನತ್ತ ನೋಡಲಿಲ್ಲ. ಸೀದಾ ಗೇಟಿಗೆ ಹೋಗಿ ಸದಾಶಿವನ ಎರಡೂ ಕೈ ಹಿಡಿದುಕೊಂಡಳು. “ಯಪ್ಪಾ, ನಾ ಇವತ್ತ ಇಲ್ಲಿ ನಿಂತೇನಂದ್ರ ನಿನ್ನಿಂದ. ನಿನ್ನೇನ ಬಂದು ಈ ಮಾತ ಹೇಳಬೇಕಿತ್ತು. ಗಂಡನ ಬಾಯಿಗೆ ಅಂಜಿ ಒಳಗ ಕುಂತೆ. ನಿನ್ನ ಋಣ ನಾ ಎಂದೂ ಮರಿಯಂಗಿಲ್ಲ.” ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ಬಾಯವ್ವನಿಗೂ ತಡೆಯಲಾಗಲಿಲ್ಲ.

ನಿಜಗುಣಪ್ಪ ಕಟ್ಟೆಯಿಳಿದ. “ಸದಾಶಿವಾ, ತಪ್ಪಾತಪಾ. ಗ್ಯಾರೇಜ್ ನಿಂದ, ಯಾರೂ ಬಿಡಸಂಗಿಲ್ಲ.”

ಪ್ರಜ್ಞಾ ಮುಂದೆ ಬಂದಳು. “ಸಾವ್ಕಾರ್ರ, ನೀವು ಅಂದಿದ್ದು ಯಾರ್ಡಿನ್ಯಾಗ, ಎಲ್ಲಾರ ಮುಂದ. ತಪ್ಪಾತು ಅನ್ನೂದು ನಿಮ್ಮ ಅಂಗಳದಾಗೇನು?”

ಬಾಯವ್ವ ಕಣ್ಣೊರೆಸಿಕೊಂಡು ಶಭಾಷ್ ಎಂದೇಬಿಟ್ಟಳು. ಸಿದ್ದಲಿಂಗವ್ವ ಸುಮ್ಕಿರು ಎನ್ನಲಿಲ್ಲ.

ಮರುದಿನ ಟೆಂಡರಿನ ಹೊತ್ತು, ರೈತರು, ದಲಾಲರು, ಹಮಾಲರು ಕಿಕ್ಕಿರಿದಿದ್ದಾಗ ನಿಜಗುಣಪ್ಪ ಹತ್ತಿಯ ಚೀಲವೊಂದರ ಮೇಲೆ ಹತ್ತಿ ನಿಂತ. ಗಾಡಿ ಒಯ್ದಿದ್ದು ತಾನು, ನಟ್ ಸಡಿಲ ಬಿಟ್ಟಿದ್ದು ತಾನು, ತನ್ನ ಹೆಂಡತಿ ಮಗನ ಜೀವ ಉಳಿಸಿದವನ ಮೇಲೆ ಸುಳ್ಳು ಹೊರಿಸಿದ್ದೂ ತಾನು ಎಂದು ಒಂದೂ ಬಿಡದೆ ಹೇಳಿದ. ಯಾರೋ ಕಿಸಕ್ಕೆಂದು ನಕ್ಕರು. “ನಗ್ರಿ, ನಗಬೇಕಾದ್ದ,” ಎಂದ. “ನಕ್ಕಮ್ಯಾಲ ನಿಮ್ಮ ಗಾಡಿ ತಿರುಗಿ ಅವನ ಗ್ಯಾರೇಜಿಗೆ ಒಯ್ದು ನಿಲ್ಲಸ್ರಿ.” ಅಲ್ಲಿಗೇ ಹೋಗಿ ಕೇಳಿಸಿಕೊಂಡ ಬಾಯವ್ವನಿಗೆ ಅವನ ಮೇಲಿದ್ದ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ಇರಲಿ ಎಂದು ಇಟ್ಟುಕೊಂಡಳು.

ಯಾರ್ಡಿನಿಂದ ಅವನು ನೇರ ಗ್ಯಾರೇಜಿಗೆ ನಡೆದ. ರಾಚವ್ವ, ಮಕ್ಕಳು ಅಲ್ಲಿಗೇ ಬಂದಿದ್ದರು. ಬಾಯವ್ವ ಒಂದು ಬುಟ್ಟಿ ಬಿಸಿ ರೊಟ್ಟಿ ತಂದಿದ್ದಳು. ನಿಜಗುಣಪ್ಪ ಜೇಬಿನಿಂದ ಸುರುಟಿದ ಬನ್ನಿ ಎಲೆಗಳನ್ನು ತೆಗೆದ. ಬನ್ನಿಯನ್ನು ಕಿರಿಯರು ಮೊದಲು ಹಿರಿಯರ ಕೈಗಿಟ್ಟು ಕಾಲು ಮುಟ್ಟುವುದು ಈ ಸೀಮೆಯ ರೀತಿ. ಅವನು ತಾನೇ ಮೊದಲು ಕೈ ಚಾಚಿದ.

ಸದಾಶಿವ ಎಲೆಗಳನ್ನು ನೋಡಲಿಲ್ಲ, ಅಂಗೈಯನ್ನು ನೋಡಿದ. “ಕೀವ ಆಗೇತಲ್ರಿ ಇದು. ಕುಂದರ್ರಿ ಮೊದಲ.”

ಸ್ಟೂಲು ಎಳೆದು ಕೂರಿಸಿದ. ಬಾಡಿದ ಹೂವನ್ನು ಪಕ್ಕಕ್ಕಿಟ್ಟು, ನವಮಿಯಿಂದ ಹಾಗೇ ಇದ್ದ ಬಿಳಿ ದಾರ ಬಿಚ್ಚಿದ. ಪಾನಾಗಳನ್ನು ಒಂದೊಂದಾಗಿ ಗೋಡೆಯ ಮೊಳೆಗಳಿಗೆ ತೂಗುಹಾಕಿದ. ಅವುಗಳ ಕೆಳಗಿದ್ದ ಬಿಳಿ ಬಟ್ಟೆಯ ಶುಭ್ರವಾದ ತುದಿಯನ್ನು ಪರ್ರನೆ ಹರಿದು, ಗಾಯ ತೊಳೆದು ಮುಲಾಮು ಹಚ್ಚಿ, ಆ ಬಟ್ಟೆಯನ್ನು ಮುದುಕನ ಕೈಗೆ ಸುತ್ತಿ ಕಟ್ಟಿದ. ಅತಿ ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ನಿಜಗುಣಪ್ಪ ತಲೆ ಬಗ್ಗಿಸಿ ಅಳುತ್ತಿದ್ದ.

“ಆ ಬಿಲ್ಲಿ ತಗದಬಿಡ್ಲೇನ್ರಿ?” ಎಂದು ಸದಾಶಿವ ಸಿದ್ಧಾರೂಢನನ್ನು ಕೇಳಿದ.

ಸಿದ್ಧಾರೂಢ ಬಾಯಿ ತೆರೆಯುವ ಮೊದಲೇ ಮುದುಕ ಮೂಗೊರೆಸಿಕೊಂಡು ಹೇಳಿದ: “ತಗೀ. ಅವ್ವನ್ನ ಕೂಡಿಸ್ಕೊಂಡು ಹೋಗೂ ಗಾಡಿ ಅದು.” ತುಸು ತಡೆದು, “ಚಂದ ಮಾತ್ರ ಕಾಣತಿತ್ತು,” ಎಂದ.

ರಾಚವ್ವ ಅಳುತ್ತಲೇ ನಕ್ಕಳು. ಆಗ ಸದಾಶಿವ ಮುದುಕನ ಬಟ್ಟೆ ಕಟ್ಟಿದ ಕೈಯಿಂದಲೇ ಬನ್ನಿ ಎಲೆ ತೆಗೆದುಕೊಂಡು, ಅರ್ಧ ಪ್ರಜ್ಞಾಳಿಗೆ ಕೊಟ್ಟು, ಉಳಿದದ್ದರಲ್ಲಿ ಎರಡೆಲೆ ತಿರುಗಿ ಅವನ ಕೈಗಿಟ್ಟ.

“ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ, ಸಾವ್ಕಾರ್ರ.”

ಹೊರಗೆ ಎರಡು ಗಾಡಿಗಳು ಬಂದು ನಿಂತು ಹಾರ್ನ್ ಹೊಡೆಯತೊಡಗಿದವು. ಸದಾಶಿವ ಗೋಡೆಯಿಂದ ಪಾನಾ ತೆಗೆದುಕೊಂಡು, “ಬಂದೆ, ಬಂದೆ,” ಎನ್ನುತ್ತಾ ಹೊರಟ.